ಎಡಕ್ಕೋ ಬಲಕ್ಕೋ

"ಸ್ವಲ್ಪ ಬಗ್ಗಪ್ಪ ಉದ್ದಣ್ಣ. ಅವಳು ಪೂರ್ತಿ ನನ್ನ ಕಡೆಗೇ ಜಾರ್ತಿದ್ದಾಳೆ."

ಉದ್ದಣ್ಣ ಮೊಣಕಾಲು ಮಡಿಸಿದ. ಶವಪೆಟ್ಟಿಗೆಯ ಹಿಂದಿನ ತುದಿ ಅವನ ಹೆಗಲ ಮೇಲಿತ್ತು, ಮುಂದಿನದು ಸತ್ತವಳ ಗಂಡನ ಹೆಗಲ ಮೇಲೆ. ಇಬ್ಬರ ಎತ್ತರಕ್ಕೂ ಒಂದು ಗೇಣಿನ ಅಂತರ. ಉದ್ದಣ್ಣನ ಪ್ರಯೋಗಾಲಯದ ಇನ್ನಿಬ್ಬರು ಆಚೆ ಪಕ್ಕದಲ್ಲಿ ಹೆಗಲು ಕೊಟ್ಟಿದ್ದರು. ಕುಳಿತೂ ಕೂರದ ಹಾಗೆ ಕಾಲು ಎಳೆಯುತ್ತ ಅವನು ಚಿತಾಗಾರದ ಮೆಟ್ಟಿಲು ಹತ್ತಿದ.

"ಮೂವತ್ತು ವರ್ಷದಿಂದ ಬಸ್ಸು ಓಡಿಸ್ತಿದೀನಿ. ನಿಂತಿರೋರನ್ನೂ ಹೀಗೆ ವಾಲಿಸಿಲ್ಲ," ಅಂದರು ಗಂಡ.

"ಭಾವ, ಇವತ್ತಾದರೂ ಸುಮ್ಮನಿರಿ," ಎಂದು ಹಿಂದಿನಿಂದ ಸತ್ತವಳ ತಂಗಿ ಗದರಿದಳು.

ಪ್ರಯೋಗಾಲಯದಲ್ಲಿ ಸತ್ತವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಹಾಗಾಗಿ ಆ ಬಸ್ ಡ್ರೈವರ್ ಅಲ್ಲಿದ್ದ ಭೌತವಿಜ್ಞಾನಿಗಳಿಗೆಲ್ಲ ಭಾವನೇ.

ಪೆಟ್ಟಿಗೆ ಇಳಿಸಿದ ಮೇಲೆ, ಸಂಶೋಧನಾ ಗುಂಪಿನ ಮುಖ್ಯಸ್ಥರು ಉದ್ದಣ್ಣನ ತೋಳು ಹಿಡಿದು ಬಾಗಿಲ ಬದಿಗೆ ಕರೆದುಕೊಂಡು ಹೋದರು.

"ನಮ್ಮವರೆಲ್ಲ ಇಲ್ಲೇ ಇದೀವಿ. ಇದು ಮುಗಿದ ಮೇಲೆ ಹೊರಗೆ ನಿಂತು ಎಲ್ಲರ ಒಪ್ಪಿಗೆ ಕೇಳಿಬಿಡ್ತೀನಿ. ಜಾಗ ಸರಿಯಿಲ್ಲ, ಗೊತ್ತು. ಆದರೆ ನಾಳೆ ಅರ್ಧ ಜನ ಊರಲ್ಲಿರಲ್ಲ."

"ಅಕ್ಕ ಒಪ್ಪಿರಲಿಲ್ಲ ಸರ್."

"ಒಪ್ಪದೇ ಇದ್ದವಳು ಅವಳೊಬ್ಬಳೇ." ಅವರು ಒಮ್ಮೆ ಒಳಗೆ ನೋಡಿ ದನಿ ತಗ್ಗಿಸಿದರು. "ನಿನ್ನ ಕೆಲಸದ ಕರಾರು ಯಾವಾಗ ಮುಗಿಯುತ್ತೆ?"

"ಈ ಬೇಸಿಗೆಗೆ."

"ಮತ್ತೆ? ನಾನು ಬಿಡಿಸಿ ಹೇಳಬೇಕಾ?"

ಹೇಳಬೇಕಾಗಿರಲಿಲ್ಲ. ಅವರ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಅಳತೆಯ ಉತ್ತರಕ್ಕೆ ಕಂಪ್ಯೂಟರ್ ಯಾರಿಗೂ ತಿಳಿಯದ ಒಂದು ಸಂಖ್ಯೆಯನ್ನು ಸೇರಿಸಿ ಮುಸುಕು ಹಾಕಿಬಿಡುತ್ತದೆ. ಉತ್ತರ ಗೊತ್ತಿದ್ದರೆ ಮನುಷ್ಯ ತನಗೆ ಬೇಕಾದ ಕಡೆಗೆ ಲೆಕ್ಕವನ್ನು ಎಳೆಯುತ್ತಾನೆ, ಎಳೆಯುತ್ತಿರುವುದು ಅವನಿಗೇ ತಿಳಿಯುವುದಿಲ್ಲ. ಅದಕ್ಕೇ ಈ ಏರ್ಪಾಡು. ವಿಧಾನ ಸರಿಯಿದೆ ಎಂದು ಗುಂಪಿನ ಪ್ರತಿಯೊಬ್ಬರೂ ಹೇಳಿದ ಮೇಲೆಯೇ ಮುಸುಕು ತೆಗೆಯುವುದು. ತೆಗೆದ ಮೇಲೆ ಏನನ್ನೂ ತಿದ್ದುವಂತಿಲ್ಲ. ಒಬ್ಬರು ಬೇಡವೆಂದರೂ ಎಲ್ಲರೂ ಕಾಯಬೇಕು. ಚಳಿಗಾಲದಿಂದ ಅಕ್ಕ ಬೇಡವೆನ್ನುತ್ತಿದ್ದಳು, ಎಲ್ಲರೂ ಕಾಯುತ್ತಿದ್ದರು. ಮುಸುಕು ತೆಗೆದು ಲೇಖನ ಹೊರಬಂದರೆ ಉದ್ದಣ್ಣನಿಗೆ ಮುಂದಿನ ಕೆಲಸ. ಬಾರದಿದ್ದರೆ ಬೇಸಿಗೆಗೆ ಗಂಟುಮೂಟೆ.

*

ಚಳಿಗಾಲದಲ್ಲಿ ಒಂದು ದಿನ ಅಕ್ಕ ಸ್ಕ್ರೀನಿಗೆ ಪ್ಲಾಸ್ಟಿಕ್ಕಿನ ಅಳತೆಪಟ್ಟಿ ಒತ್ತಿ ಹಿಡಿದಿದ್ದಳು. ಪಟ್ಟಿಯ ಅಂಚಿನಲ್ಲಿ, ಕಣವೊಂದು ಯಂತ್ರದೊಳಗೆ ಹಾದುಹೋದ ಹಸಿರು ಗೆರೆ.

"ಎಡಕ್ಕೋ ಬಲಕ್ಕೋ?"

"ಎಡಕ್ಕೆ," ಅಂದ ಉದ್ದಣ್ಣ.

"ಅದು ಕಂಪ್ಯೂಟರ್ ಹೇಳಿದ್ದು. ಓದೋಕೆ ನನಗೂ ಬರುತ್ತೆ. ನಿನ್ನ ಕಣ್ಣು ಏನನ್ನುತ್ತೆ?"

ಅವನು ಮೂಗು ತಾಗುವಷ್ಟು ಬಾಗಿ ನೋಡಿದ. "ನೆಟ್ಟಗೇ ಇದೆ ಅಕ್ಕ."

"ಹಾಂ. ಈಗ ನಿನ್ನ ಸ್ವಂತ ಬಾಯಿ ಬಂತು."

ಆಯಸ್ಕಾಂತದ ನಡುವೆ ಎಲೆಕ್ಟ್ರಾನ್ ಒಂದು ಕಡೆಗೆ ಬಾಗುತ್ತದೆ, ವಿರುದ್ಧ ವಿದ್ಯುದಂಶದ ಪಾಸಿಟ್ರಾನ್ ಇನ್ನೊಂದು ಕಡೆಗೆ. ಬಾಗಿದ ದಿಕ್ಕು ನೋಡಿ ಯಾವುದು ಯಾವುದೆಂದು ಹೇಳಬೇಕು. ಆದರೆ ಅವರು ಹುಡುಕುವ ಕಣಗಳ ವೇಗ ಎಷ್ಟೆಂದರೆ ಅವು ಬಾಗುವುದು ಬಾಗದಷ್ಟೇ.

"ಯಂತ್ರದ ಒಂದು ಪಕ್ಕ ಕೂದಲೆಳೆಯಷ್ಟು ಕುಸಿದಿದ್ದರೆ ಸಾಕು," ಅಂದಳು ಅಕ್ಕ. "ನೆಟ್ಟಗೆ ಹೋದದ್ದೂ ಎಡಕ್ಕೆ ಹೋದ ಹಾಗೆ ಕಾಣುತ್ತೆ. ನೆಲ ವಾಲಿರೋ ಮನೇಲಿ ಗೋಲಿ ಬಿಟ್ಟು, ಗೋಲಿಗೆ ಆ ಮೂಲೆ ಕಂಡರೆ ಇಷ್ಟ ಅಂದ ಹಾಗಾಗುತ್ತೆ ನಮ್ಮ ಕತೆ."

"ಏನು ಮಾಡೋದು?"

"ಆಯಸ್ಕಾಂತದ ದಿಕ್ಕು ತಿರುಗಿಸಿ ಇನ್ನೊಂದು ಸಲ ಅಳೆಯೋದು. ಬಾಗಿದ್ದು ನಿಜ ಆದರೆ ಆಗ ಬಲಕ್ಕೆ ಬಾಗುತ್ತೆ. ವಾಲಿರೋದು ನಾವೇ ಆದರೆ ಆಗಲೂ ಎಡಕ್ಕೇ."

"ಯಂತ್ರ ಮತ್ತೆ ಓಡೋದು ಮುಂದಿನ ಚಳಿಗಾಲಕ್ಕೆ. ಅಷ್ಟು ಹೊತ್ತಿಗೆ ನಾನು ಇಲ್ಲಿರಲ್ಲ ಅಕ್ಕ."

"ನಾನೂ ಇರಲ್ಲವೇನೋ," ಅಂದಳು ಅವಳು, ಪಟ್ಟಿಯನ್ನು ಇಳಿಸದೆ.

ನಿವೃತ್ತಿಯ ಮಾತಿರಬೇಕು ಎಂದುಕೊಂಡ ಅವನು.

*

ಚಿತಾಗಾರದ ಕಾಯುವ ಕೋಣೆಯಲ್ಲಿ ಕುರ್ಚಿಗಳನ್ನು ಒಂದಕ್ಕೊಂದು ಬೆಸೆದಿದ್ದರು. ಒಬ್ಬರು ಎದ್ದರೆ ಸಾಲಿಗೆ ಸಾಲೇ ಕಿರುಗುಟ್ಟುತ್ತಿತ್ತು. ತಂಗಿ ಕಾಗದದ ಲೋಟಗಳಲ್ಲಿ ಚಹಾ ತಂದು ಭಾವನಿಗೂ ಉದ್ದಣ್ಣನಿಗೂ ಕೊಟ್ಟಳು. ಲಾಂಡ್ರಿ ನಡೆಸುವವಳು ಅವಳು. ಭಾವನ ಕೋಟಿನ ತೋಳಿನ ಸುಕ್ಕನ್ನು ಅಂಗೈಯಲ್ಲಿ ಎರಡು ಸಲ ತೀಡಿ ಕೂತಳು.

"ಒಂದು ಕೇಳ್ತೀನಿ, ನಗಬಾರದು," ಅಂದರು ಭಾವ. "ಇಷ್ಟು ವರ್ಷ ಸಂಸಾರ ಮಾಡಿ ಅವಳು ಏನು ಅಳೀತಿದ್ದಳು ಅಂತ ನನಗೆ ಸರಿಯಾಗಿ ಗೊತ್ತಿಲ್ಲ. ಡಿಪೋದಲ್ಲಿ ಕೇಳಿದರೆ ಕರೆಂಟಿನ ಕೆಲಸ ಅಂತಿದ್ದೆ. ಮನೇಲಿ ಫ್ಯೂಸ್ ಹೋದರೆ ಮಾತ್ರ ಪಕ್ಕದ ಮನೆಯವನು ಬರ್ತಿದ್ದ."

ಉದ್ದಣ್ಣ ಲೋಟ ಕೆಳಗಿಟ್ಟ. "ಪ್ರೋಟಾನ್ ಒಂದು ಮನೆ ಅಂದ್ಕೊಳ್ಳಿ ಭಾವ. ಕಾಯಂ ಇರೋರು ಮೂರು ಕ್ವಾರ್ಕು. ಆದರೆ ಒಳಗೆ ಯಾವಾಗಲೂ ನೆಂಟರ ಗದ್ದಲ. ಕ್ವಾರ್ಕು, ಅದರ ಪ್ರತಿಕ್ವಾರ್ಕು, ಜೋಡಿ ಜೋಡಿಯಾಗಿ ಬರ್ತವೆ, ಹೋಗ್ತವೆ. ಈ ನೆಂಟರಲ್ಲಿ ಮುಖ್ಯವಾಗಿ ಎರಡು ಜಾತಿ. ಎರಡೂ ಸಮ ಇರಬೇಕು ಅಂದ್ಕೊಂಡಿದ್ವಿ. ಇಲ್ಲ, ಒಂದು ಜಾಸ್ತಿ. ಎಷ್ಟು ಜಾಸ್ತಿ ಅನ್ನೋದೇ ಜಗಳ."

"ಬಾಗಿಲು ತೆಗೆದು ಎಣಿಸೋಕಾಗಲ್ವಾ?"

"ಬಾಗಿಲೇ ಇಲ್ಲ. ಎರಡು ಪ್ರೋಟಾನ್‌ಗಳಿಗೆ ಡಿಕ್ಕಿ ಹೊಡೆಸ್ತೀವಿ. ಒಂದರ ಕ್ವಾರ್ಕಿಗೆ ಇನ್ನೊಂದರ ಪ್ರತಿಕ್ವಾರ್ಕು ಸಿಕ್ಕಿದರೆ, ಅಪರೂಪಕ್ಕೆ, ಡಬ್ಲ್ಯು ಬೋಸಾನ್ ಅಂತ ಒಂದು ಕಣ ಹುಟ್ಟುತ್ತೆ. ಅದೂ ನಿಲ್ಲಲ್ಲ, ಅಲ್ಲೇ ಒಡೆದುಹೋಗುತ್ತೆ. ಅದರಿಂದ ಪಾಸಿಟ್ರಾನ್ ಹಾರಿದರೆ ಸಿಕ್ಕಿದ್ದ ನೆಂಟ ಒಂದು ಜಾತಿ. ಎಲೆಕ್ಟ್ರಾನ್ ಹಾರಿದರೆ ಇನ್ನೊಂದು. ನಾವು ಅದನ್ನ ಎಣಿಸೋರು."

"ಅಂದರೆ ಬೇಕಂತ ಅಪಘಾತ ಮಾಡಿಸಿ ಗಾಜಿನ ಚೂರು ಆರಿಸೋರು." ಭಾವ ತಲೆದೂಗಿದರು. "ನಮ್ಮ ಡಿಪೋದಲ್ಲಿ ಅದಕ್ಕೆ ಮನೆಗೆ ಕಳಿಸ್ತಾರೆ."

ಉದ್ದಣ್ಣ ನಕ್ಕುಬಿಟ್ಟ. ತಂಗಿ ನಗಲಿಲ್ಲ.

"ಅಕ್ಕಂದು ಅದೇ ಚಾಳಿ, ಎಲ್ಲದನ್ನೂ ಎರಡೆರಡು ಸಲ ನೋಡೋದು," ಅಂದಳು. "ಆ ಮೊದಲನೇ ರಿಪೋರ್ಟ್ ಬಂದಾಗಲೇ ಆಸ್ಪತ್ರೆ ಸೇರಿದ್ದರೆ ಇವತ್ತು ನಾವು ಇಲ್ಲಿ ಕೂತಿರ್ತಿದ್ವಾ?"

"ಏನೂ ವ್ಯತ್ಯಾಸ ಆಗ್ತಿರಲಿಲ್ಲ ಅಂದರಲ್ಲಮ್ಮ ಡಾಕ್ಟರು."

"ಸತ್ತ ಮೇಲೆ ಡಾಕ್ಟರು ಇನ್ನೇನಂತಾರೆ ಭಾವ?"

ಭಾವ ಚಹಾದಲ್ಲಿ ತೇಲುತ್ತಿದ್ದ ಕೆನೆಯನ್ನು ಬೆರಳ ತುದಿಯಿಂದ ತೆಗೆದು ಲೋಟದ ಅಂಚಿಗೆ ಒರೆಸಿದರು. "ಒಂದೇ ರಿಪೋರ್ಟ್ ನಂಬಬಾರದು ಅಂತ ಊರಾಚೆ ಇನ್ನೊಂದು ಲ್ಯಾಬಿಗೆ ಹೋಗಿದ್ದಾಳೆ. ನನ್ನ ಬಸ್ಸಲ್ಲೇ! ಕನ್ನಡಿಯಲ್ಲಿ ಕಂಡಳು. ಏನೇ, ಎಲ್ಲಿಗೆ ಅಂದೆ. ಒಂದು ಅಳತೆ ಇದೆ ಅಂದಳು. ಟಿಕೆಟ್ಟೂ ತಗೊಂಡಳು ಮಾರಾಯ್ತಿ. ಎರಡನೇ ರಿಪೋರ್ಟ್ ಬರೋವರೆಗೆ ಪಿಟ್ಟೆನ್ನಲಿಲ್ಲ. ಆಮೇಲೆ ಈರುಳ್ಳಿ ಹೆಚ್ತಾ ಹೇಳಿದಳು. ನಾನು ಈರುಳ್ಳಿಗೆ ಅಳ್ತಿದಾಳೆ ಅಂದ್ಕೊಂಡೆ."

ತಂಗಿ ಉದ್ದಣ್ಣನ ಕಡೆ ತಿರುಗಿದಳು.

"ನೀವೂ ಅದೇ ಕೆಲಸದವರಲ್ಲವಾ, ಹೇಳಿ. ಅಷ್ಟು ಕಾಯೋದು ಸರಿನಾ?"

ಉದ್ದಣ್ಣ ಲೋಟದ ತಳದಲ್ಲಿ ಏನೂ ಉಳಿದಿರದಿದ್ದರೂ ಎತ್ತಿ ಕುಡಿದ.

*

ಕಳೆದ ವಾರ ಆಸ್ಪತ್ರೆಯಿಂದ ಫೋನು ಬಂದಾಗ ಉದ್ದಣ್ಣ ಕ್ಯಾಂಟೀನಿನ ಸಾಲಿನಲ್ಲಿದ್ದ.

"ನಾನು ಹಟ ಹಿಡಿದಿದೀನಿ ಅಂತಿದಾರಲ್ವೇನೋ?" ಅಕ್ಕನ ದನಿ ಸಣ್ಣಗಾಗಿತ್ತು.

"ಅಂತಿದಾರೆ."

"ಇರಬಹುದು. ನನ್ನ ತಂಗಿಯೂ ಈಗ ತಾನೇ ಅದನ್ನೇ ಹೇಳಿ ಎದ್ದುಹೋದಳು. ಆ ಗೆರೆಗಳನ್ನ ನೀನೇ ಇನ್ನೊಂದು ಸಲ ನೋಡು. ಬಾಗಿವೆ ಅಂತ ನಿನ್ನ ಕಣ್ಣಿಗೆ ಅನ್ನಿಸಿದರೆ ನನ್ನ ಒಪ್ಪಿಗೆಯನ್ನೂ ನೀನೇ ಹೇಳಿಬಿಡು. ನನ್ನನ್ನ ಕೇಳೋಕೆ ಬರಬೇಡ."

"ಅನ್ನಿಸದಿದ್ದರೆ?"

"ಇಲ್ಲಿ ಸೂಜಿ ಹಿಡ್ಕೊಂಡು ಬಂದ್ರು. ಇಡ್ತೀನಿ."

ಆ ಮಧ್ಯಾಹ್ನವೆಲ್ಲ ಅವನು ನೋಡಿದ. ಯಂತ್ರದ ಎಡಪಕ್ಕದ ಗೆರೆಗಳು ಬಾಗಿದ್ದವು. ಬಲಪಕ್ಕದವು ಬಾಗಿವೆ ಎಂದು ಕಂಪ್ಯೂಟರ್ ಹೇಳುತ್ತಿತ್ತು. ಕಣ್ಣು ದಣಿದಿದೆ ಎಂದುಕೊಂಡು ಮನೆಗೆ ಹೋದ. ಫೋನಿನಲ್ಲಿ ಅವಳು ಹೇಳಿದ್ದನ್ನು ಯಾರಿಗೂ ತಿಳಿಸಲಿಲ್ಲ.

*

ಎಲ್ಲ ಮುಗಿದು ಹೊರಗೆ ಬಂದಾಗ ಬಿಸಿಲಿತ್ತು. ವಾಹನ ನಿಲ್ಲಿಸುವ ಜಾಗದಲ್ಲಿ ಗುಂಪಿನವರು ಮುಖ್ಯಸ್ಥರ ಸುತ್ತ ಸೇರಿದರು. ಆಚೆ ತುದಿಯಲ್ಲಿ ಶವ ತಂದ ಕಪ್ಪು ಗಾಡಿ. ಅದರ ಡ್ರೈವರ್ ಯಾರಾದರೂ ಕರೆದಾರೆಂದು ಕಿಟಕಿಗೆ ಮೊಣಕೈ ಊರಿ ಕಾಯುತ್ತಿದ್ದ.

"ಉದ್ದ ಮಾತು ಬೇಡ," ಅಂದರು ಮುಖ್ಯಸ್ಥರು. "ಮುಸುಕು ತೆಗೆಯೋಕೆ ಒಪ್ಪೋರು ಕೈ ಎತ್ತಿ." ಮೊದಲು ತಮ್ಮ ಕೈಯನ್ನೇ ಎತ್ತಿದರು. ಒಂದೊಂದಾಗಿ ಉಳಿದ ಕೈಗಳೂ ಎದ್ದವು, ಕೆಲವು ಕಿವಿಯ ಮಟ್ಟದವರೆಗೆ ಮಾತ್ರ.

ಎಲ್ಲರೂ ಕೈ ಎತ್ತದ ಉದ್ದಣ್ಣನ ಕಡೆ ನೋಡಿದರು.

"ಅವಳು ನಿನಗೆ ಫೋನ್ ಮಾಡಿದ್ದಳಂತೆ," ಅಂದರು ಮುಖ್ಯಸ್ಥರು. "ಒಪ್ಪಿಗೆ ಬಗ್ಗೆ ಏನಾದರೂ ಅಂದಳಾ?"

ಅಂದಿದ್ದಳು ಎಂದರೆ ಸಾಕಿತ್ತು. ಅದು ಸುಳ್ಳೂ ಅಲ್ಲ. ಮೆಟ್ಟಿಲ ಮೇಲೆ ತಂಗಿ ಭಾವನ ಕೋಟಿನ ಗುಂಡಿ ಹಾಕುತ್ತಿದ್ದಳು. ಭಾವ ಏನೋ ಹೇಳಿದರು, ಅವಳು ಅವರ ಎದೆಗೆ ಮೆಲ್ಲಗೆ ಗುದ್ದಿದಳು.

"ಗೆರೆಗಳನ್ನ ನೀನೇ ನೋಡು ಅಂದಿದ್ದರು," ಅಂದ. "ನೋಡಿದೆ. ಯಂತ್ರದ ಬಲಪಕ್ಕದವು ನನಗೆ ನೆಟ್ಟಗೇ ಕಾಣ್ತವೆ ಸರ್. ಆಯಸ್ಕಾಂತ ತಿರುಗಿಸಿ ಅಳೆಯೋಣ."

"ಚಳಿಗಾಲದವರೆಗೆ? ಆಗ ನೀನೇ ಇಲ್ಲಿರಲ್ಲ ಕಣೋ!"

"ಗೊತ್ತು ಸರ್. ಅಳೆಯೋರು ಯಾರಾದರೂ ಇರ್ತಾರೆ."

ಅವನು ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿದ. ಎದ್ದಿದ್ದ ಕೈಗಳು ಇಳಿಯತೊಡಗಿದವು, ಯಾರೋ ದಾರಿಯಲ್ಲಿ ತಲೆ ಕೆರೆದುಕೊಂಡರು, ಯಾರೋ ಕನ್ನಡಕ ಸರಿಮಾಡಿಕೊಂಡರು. ಮುಖ್ಯಸ್ಥರು ಮಾತ್ರ ಅವನನ್ನೇ ದಿಟ್ಟಿಸುತ್ತ ತಮ್ಮ ಕೈಯನ್ನು ಮರೆತಿದ್ದರು. ಅದು ಇನ್ನೂ ಮೇಲೇ ಇತ್ತು. ಆಚೆ ತುದಿಯಲ್ಲಿ ಕಪ್ಪು ಗಾಡಿಯ ಡ್ರೈವರ್ ಅದನ್ನು ನೋಡಿ ಎಂಜಿನ್ ಚಾಲೂ ಮಾಡಿದ. ಹಿಮ್ಮುಖವಾಗಿ ನಿಧಾನಕ್ಕೆ ಬಂದು, ಸರಿಯಾಗಿ ಅವರ ಮುಂದೆ ನಿಲ್ಲಿಸಿ, ಇಳಿದು, ಹಿಂಬಾಗಿಲು ತೆರೆದು ಹಿಡಿದ.