ತಿರುಗಿಸದೆ ಬಂದ ಕರೆಂಟು

ನಾನು ಒಂದು ಆಲ್ಟರ್ನೇಟರ್. ಊರ ಜನ ಡೈನಮೋ ಅನ್ನುತ್ತಾರೆ, ಹಾಗೆ ಕರೆದರೂ ನನಗೇನೂ ಬೇಸರವಿಲ್ಲ. ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ಹುಟ್ಟಿದೆ. ಹೆಣ್ಣುಮಕ್ಕಳು ಸಾಲಾಗಿ ಕೂತು ತಾಮ್ರದ ತಂತಿಯನ್ನು ಸುರುಳಿ ಸುತ್ತಿ ನನ್ನ ಹೊಟ್ಟೆಗೆ ತುಂಬಿದರು, ನಟ್ಟನಡುವೆ ಒಂದು ಅಯಸ್ಕಾಂತ ಕೂರಿಸಿದರು. ಪರೀಕ್ಷೆಗೆಂದು ಮೊದಲ ಸಲ ಯಾರೋ ಅದನ್ನು ಗರಗರನೆ ತಿರುಗಿಸಿದಾಗ ಎದುರಿಗಿದ್ದ ಬಲ್ಬು ಹೊತ್ತಿಕೊಂಡಿತು. ನಾನು ಬೆಚ್ಚಿಬಿದ್ದೆ! ನನ್ನೊಳಗೆ ಬೆಂಕಿಯಿಲ್ಲ, ಎಣ್ಣೆಯಿಲ್ಲ. ತಾಮ್ರದ ನಡುವೆ ಅಯಸ್ಕಾಂತ ಸುತ್ತಿತು, ಅಷ್ಟಕ್ಕೇ ಬೆಳಕು. ಆದರೆ ನಾನಾಗಿಯೇ ತಿರುಗುವ ತಾಕತ್ತು ನನಗಿಲ್ಲ. ಯಾರಾದರೂ ತಿರುಗಿಸಬೇಕು. ತಿರುಗಿಸುವವರಿಲ್ಲದೆ ಜಗತ್ತಿನಲ್ಲಿ ಎಲ್ಲಿಯೂ ಕರೆಂಟು ಹುಟ್ಟದು ಎಂದು ಅಂದೇ ನಂಬಿಬಿಟ್ಟೆ.

ಮೊದಲು ನನ್ನನ್ನು ತಿರುಗಿಸಿದ್ದು ಡೀಸೆಲ್ ಎಂಜಿನ್ನು. ಶಾಮಿಯಾನದ ಅಂಗಡಿಯ ಶಿವಲಿಂಗಪ್ಪ ನಮ್ಮಿಬ್ಬರನ್ನೂ ಒಂದೇ ಗಾಡಿಗೆ ಬಿಗಿದು ಮದುವೆ ಮದುವೆಗೆ ಎಳೆದೊಯ್ಯುತ್ತಿದ್ದ. ಎಂಜಿನ್ನಿನ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಒಮ್ಮೆ ಊಟಕ್ಕೆ ಕೂತಿದ್ದ ಮೇಷ್ಟ್ರೊಬ್ಬರು ನಮ್ಮ ಕಡೆ ಕೈ ತೋರಿಸಿ ಕೂಗಿ ಹೇಳಿದರು: "ಇದು ಕುಡಿಯೂ ಡೀಸೆಲ್ ಏನಂತ ತಿಳದೀರಿ? ಕೋಟಿಗಟ್ಟಲೆ ವರ್ಷದ ಹಿಂದ ಸತ್ತು ಮಣ್ಣಾಗ ಹೂತ ಸಣ್ಣ ಸಣ್ಣ ಜೀವಗಳ ಎಣ್ಣಿ ಅದು. ಖಾಲಿ ಆತಂದ್ರ ಮತ್ತ ಅಷ್ಟ ವರ್ಷ ಕಾಯಬೇಕು!"

ಸತ್ತವರನ್ನು ಸುಟ್ಟು ಮದುವೆ ಚಪ್ಪರಕ್ಕೆ ದೀಪ ಹಚ್ಚುತ್ತಿದ್ದೆವೇ ನಾವು? ಶಿವಲಿಂಗಪ್ಪ ಏನೂ ಕೇಳದವನಂತೆ ಇನ್ನೊಂದು ಡಬ್ಬಿ ಸುರಿದ.

ಅಲ್ಲಿಂದ ನನ್ನನ್ನು ಕೊಂಡವರು ಘಟ್ಟದ ಕಡೆಯ ಒಂದು ಪುಟ್ಟ ಹಾಡಿಯವರು. ಅವರು ಹಳ್ಳದ ನೀರನ್ನು ಪೈಪಿನಲ್ಲಿ ಮೇಲಿಂದ ಧುಮ್ಮಿಕ್ಕಿಸಿ, ಅದರ ರಭಸಕ್ಕೆ ಒಂದು ಚಕ್ರ ಸುತ್ತುವಂತೆ ಮಾಡಿ, ಬೆಲ್ಟಿನಿಂದ ನನಗೆ ಜೋಡಿಸಿದರು. ಹೊಗೆಯಿಲ್ಲ, ನಾತವಿಲ್ಲ. ನನ್ನನ್ನು ತಿರುಗಿಸಿದ ನೀರು ಹಾಗೇ ಕೆಳಗೆ ಹರಿದುಹೋಗುತ್ತಿತ್ತು, ಖರ್ಚಾಗುತ್ತಲೇ ಇರಲಿಲ್ಲ! ಇಂಥ ಬಿಟ್ಟಿ ಊಟ ಎಲ್ಲಾದರೂ ಉಂಟೆ ಎಂದು ದಂಗಾದೆ. ಬೇಸಿಗೆ ಬಂದಾಗ ಹಳ್ಳ ಒಣಗಿತು, ನಾನು ಗರ ಬಡಿದವನಂತೆ ನಿಂತುಬಿಟ್ಟೆ. ನೀರೇನೋ ಮಳೆಗಾಲಕ್ಕೆ ಮರಳಿ ಬಂತು. ಆದರೆ ಅಷ್ಟರಲ್ಲಿ ಹಾಡಿಗೆ ಕಂಬದ ಕರೆಂಟು ಬಂದು, ನಾನು ಗುಜರಿ ಸೇರಿದ್ದೆ.

ಗುಜರಿಯಿಂದ ನನ್ನನ್ನು ಎತ್ತಿದವಳು ಕಾಶವ್ವ. ಅವಳೂ ಗಂಡ ಫಕ್ಕೀರಪ್ಪನೂ ಗದಗಿನ ಆಚೆ ಒಂದು ಹಳ್ಳಿಯಲ್ಲಿ ತತ್ತಿಗೆ ಕಾವು ಕೊಟ್ಟು ಕೋಳಿಮರಿ ಮಾಡುವ ಪೆಟ್ಟಿಗೆ ಇಟ್ಟಿದ್ದರು. ಲಾರಿಯಲ್ಲಿ ಹೋಗುವಾಗ ಗುಡ್ಡದ ಮೇಲೆ ಗಾಳಿಗಿರಣಿಗಳನ್ನು ಕಂಡೆ. ತಾಳೆಮರಕ್ಕಿಂತ ಎತ್ತರದ ಕಂಬ, ತುದಿಯಲ್ಲಿ ಮೂರು ರೆಕ್ಕೆ. ಆ ರೆಕ್ಕೆಯ ಹಿಂದಿನ ಡಬ್ಬಿಯಲ್ಲಿ ಇರುವುದು ನನ್ನಂಥದೇ ಒಬ್ಬ, ತಾಮ್ರ ಮತ್ತು ಅಯಸ್ಕಾಂತ! ಗಾಳಿ ಅವನನ್ನು ತಿರುಗಿಸುತ್ತಿತ್ತು. ಕಾಶವ್ವನ ಊರಿಗೆ ತಂತಿಯಲ್ಲಿ ಬರುತ್ತಿದ್ದ ಕರೆಂಟಿನ ಕತೆಯೂ ಅದೇ ಎಂದು, ನನ್ನನ್ನು ಇನ್ನೊಂದು ಹಳೇ ಡೀಸೆಲ್ ಎಂಜಿನ್ನಿಗೆ ಜೋಡಿಸಿದ ಮೆಕ್ಯಾನಿಕ್ ಮೌಲಾಸಾಬನ ಬಾಯಿಂದ ಕೇಳಿದೆ. ದೂರದಲ್ಲೆಲ್ಲೋ ಬೆಟ್ಟದಷ್ಟು ಕಲ್ಲಿದ್ದಲು ಸುಟ್ಟು, ನೀರು ಕಾಯಿಸಿ, ಆ ಉಗಿಯಿಂದ ತಿರುಗಿಸುತ್ತಾರಂತೆ. ಇಷ್ಟೆಲ್ಲ ಗದ್ದಲ ಮಾಡಿ ಕೊನೆಗೆ ಮಾಡುವುದು ಚಕ್ರ ಸುತ್ತಿಸುವ ಕೆಲಸವೇ! ಆ ಕರೆಂಟು ಕೈಕೊಟ್ಟಾಗಲೆಲ್ಲ ಕಾವಿನ ಪೆಟ್ಟಿಗೆಗಾಗಿ ತಿರುಗುತ್ತಿದ್ದವನು ನಾನು. ಆಶ್ಚರ್ಯದ ಜೊತೆಗೆ ನನಗೆ ಜಂಬವೂ ಬಂತು.

ಆ ಜಂಬ ಇಳಿಸಿದ್ದು ಸೋಲಾರ್. ಒಂದು ದಿನ ಇಬ್ಬರು ಬಂದು ಮಾಡಿನ ಮೇಲೆ ಕಪ್ಪು ಹಲಗೆಗಳನ್ನು ಸಾಲಾಗಿ ಮಲಗಿಸಿದರು. ಕಾವಿನ ಪೆಟ್ಟಿಗೆಯ ಫ್ಯಾನು ಸುಮ್ಮನೆ ಸುತ್ತತೊಡಗಿತು.

"ತಿರುಗೂ ಸಾಮಾನ ಎಲ್ಲೈತ್ರಿ?" ಎಂದ ಫಕ್ಕೀರಪ್ಪ. ನನ್ನ ಪ್ರಶ್ನೆಯನ್ನೇ ಅವನು ಕೇಳಿದ್ದ.

"ಇಲ್ರಿ ಯಜಮಾನ್ರ. ಬೆಳಕು ಬಿದ್ದ ಕೂಡಲೇ ಹಲಗಿ ಒಳಗ ಎಲೆಕ್ಟ್ರಾನು ಓಡಾಕ ಹತ್ತತಾವು. ಅದ ಕರೆಂಟು," ಎಂದ ಬಂದವರಲ್ಲೊಬ್ಬ.

ನನಗೆ ಬರಸಿಡಿಲು ಬಡಿದಂತಾಯಿತು. ತಿರುಗದೆ! ಒಂದಿಷ್ಟೂ ಅಲುಗಾಡದೆ, ಬಿಸಿಲಿಗೆ ಮೈಯೊಡ್ಡಿ ಮಲಗಿಕೊಂಡು! ಇಷ್ಟು ವರ್ಷ ನಾನು ನಂಬಿದ್ದೆಲ್ಲ ಸುಳ್ಳೇ? ಆ ಸೋಮಾರಿಗಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅಂದಿನಿಂದ ನಾನು ಅಪರೂಪಕ್ಕೊಮ್ಮೆ ತಿರುಗುವ ಆಳಾದೆ.

ಆ ವರ್ಷದ ದಸರೆಗೆ ಓಣಿಯ ಹೆಂಗಸರು ಮೊದಲ ಬಾರಿ ತಮ್ಮ ಜವಾರಿ ಕೋಳಿಯ ತತ್ತಿಗಳನ್ನು ಕಾಶವ್ವನಿಗೆ ನಂಬಿ ಕೊಟ್ಟಿದ್ದರು. "ಪೆಟಗ್ಯಾಗ ಮರಿ ಆಗತಾವನು?" ಎಂದು ಮೂಗು ಮುರಿದವರೂ ಕೊಟ್ಟಿದ್ದರು. ಮರಿಗಳು ಹೊರಬರುವ ದಿನವೇ ಆಯುಧ, ಯಂತ್ರಗಳನ್ನು ಪೂಜಿಸುವ ಖಂಡೆ ಪೂಜೆ ಬಿತ್ತು. ಹಿಂದಿನ ಸಂಜೆಯ ಗಾಳಿಗೆ ಕಂಬ ಉರುಳಿ ಊರಿನ ಕರೆಂಟು ಹೋಗಿತ್ತು, ಸೋಲಾರಿನ ಬ್ಯಾಟರಿ ಬೆಳಗಿನ ಹೊತ್ತಿಗೆ ಖಾಲಿ. ಆದರೂ ಚುರುಕು ಬಿಸಿಲಿತ್ತು, ಯಾರಿಗೂ ಚಿಂತೆಯಿರಲಿಲ್ಲ.

ಫಕ್ಕೀರಪ್ಪ ಭಕ್ತಿಯ ಮನುಷ್ಯ. ಮಿಂದು ಮಡಿಯುಟ್ಟು ಮಾಡು ಹತ್ತಿ, ಪ್ರತಿ ಹಲಗೆಗೂ ಅಂಗೈಯಗಲದ ಮೂರು ಪಟ್ಟೆ ವಿಭೂತಿ ಬಳಿದ, ನಡುವೆ ಕುಂಕುಮವಿಟ್ಟ, ಉದ್ದಕ್ಕೂ ಚೆಂಡುಹೂವಿನ ಸರ ಇಳಿಬಿಟ್ಟ. ಇಳಿದು ಬಂದು ನನಗೂ ತೋಳು ದಪ್ಪದ ಸರ ಸುತ್ತಿದ. ಮರೆತಿರಲಿಲ್ಲವಲ್ಲ ಎಂದು ಹಿಗ್ಗಿದೆ.

ಸ್ವಲ್ಪ ಹೊತ್ತಿಗೆ ಕಾಶವ್ವ ಓಡಿ ಬಂದಳು. "ರೀ, ಪೆಟಗಿ ತಣ್ಣಗಾಗಾಕತ್ತೈತಿ! ತತ್ತಿ ಬಿರುಕು ಬಿಟ್ಟಾವು. ಡೈನಮೋ ಚಾಲೂ ಮಾಡ್ರಿ."

"ಏ, ಪೂಜಿಗಿಟ್ಟಿದ್ದನ್ನ ನಾಳಿ ಬನ್ನಿ ಮುಡಿಯೂ ಮಟಾ ಮುಟ್ಟಂಗಿಲ್ಲ. ನಮ್ಮಪ್ಪ ಮುಟ್ಟಿಲ್ಲ, ನಾನೂ ಮುಟ್ಟಂಗಿಲ್ಲ."

"ಅವು ಜೀವ ಅದಾವ್ರಿ! ನಾಳಿ ಓಣ್ಯಾಗ ಯಾವ ಮಾರಿ ಹೊತ್ತು ಬನ್ನಿ ಕೊಡಲಿ?"

ಗಂಡ ಹ್ಞೂಂ ಅನ್ನಲೆಂದು ಅವಳು ಕಾಯಲಿಲ್ಲ. ಸೆರಗು ಸಿಗಿಸಿ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿಯೇಬಿಟ್ಟಳು. ನಾನು ಮೈಯೆಲ್ಲ ಬಲ ಮಾಡಿ ತಿರುಗಿದೆ. ಆದರೆ ಸರ ಬಿಚ್ಚುವುದನ್ನು ಅವಸರದಲ್ಲಿ ಅವಳು ಮರೆತಿದ್ದಳು. ದಾರ ಕಿತ್ತು ನನ್ನ ಮೈ ತಂಪಾಗಿಡುವ ಫ್ಯಾನಿಗೆ ಸುತ್ತಿಕೊಂಡಿತು, ಹೂವಿನ ರಾಶಿ ಗಾಳಿಯ ಕಿಂಡಿಗಳನ್ನು ಮುಚ್ಚಿತು. ಒಳಗೆ ಸೆಕೆ ಏರಿ ತಾಮ್ರ ಕಮರಿತು, ಹೊಗೆ ಎದ್ದಿತು. ನಾನು, ಯಾವತ್ತೂ ಕೈಕೊಡದ ನಾನು, ಹೂವಿನಿಂದ ಸುಟ್ಟುಹೋದೆ! ಅವಳು ಎಂಜಿನ್ ನಿಲ್ಲಿಸಿ ಹಣೆ ಹಣೆ ಬಡಿದುಕೊಂಡಳು.

ಬಡಿದುಕೊಳ್ಳುತ್ತಲೇ ಅವಳ ಕಣ್ಣು ನನ್ನ ಮೈಯ ಹೂವಿನಿಂದ ಮಾಡಿನ ಮೇಲಿನ ಹೂವಿಗೆ ಹೋಯಿತು. "ಅಯ್ಯೋ ಶಿವನ! ಹಪ್ಪಳದ ಮ್ಯಾಲೆ ಅರಿವಿ ಹೊಚ್ಚಿ ಬಿಸಲಿಗೆ ಇಟ್ಟಂಗ ಮಾಡೇವಲ್ರಿ! ಬೆಳಕ ಬೀಳದ ಅವು ಕರೆಂಟು ಎಲ್ಲಿಂದ ಕೊಡಬೇಕು?"

ಫಕ್ಕೀರಪ್ಪ ನೀರಿನ ಕೊಡ ಹೊತ್ತು ಮಾಡು ಹತ್ತಿದ. ಮೊದಲ ಹಲಗೆಯ ಮುಂದೆ ಕೈಮುಗಿದು, "ತಪ್ಪಾತಪಾ" ಎಂದು, ಹೂವಿನ ಸರ ತೆಗೆದು, ತಾನೇ ಬಳಿದ ವಿಭೂತಿಯನ್ನು ಹೆಗಲ ಶಲ್ಯ ಒದ್ದೆ ಮಾಡಿ ಒರೆಸಿದ. ಕೊನೆಯ ಹಲಗೆ ಒರೆಸುವಷ್ಟರಲ್ಲಿ ಪೆಟ್ಟಿಗೆಯ ದೀಪ ಹೊತ್ತಿ ಫ್ಯಾನು ಸುತ್ತಿತು.

ಗಂಡ ಹೆಂಡತಿ ಪೆಟ್ಟಿಗೆಯ ಮುಂದೆ ಕಿವಿಗೊಟ್ಟು ಕೂತರು. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಸೂಜಿಯಷ್ಟು ಸಣ್ಣ ದನಿಯೊಂದು ಚಿಂವ್ ಎಂದಿತು. ಇನ್ನೊಂದು. ಮತ್ತೊಂದು. ಕಾಶವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕೆಲವು ತತ್ತಿ ಕೊನೆಗೂ ಒಡೆಯಲಿಲ್ಲ.

ಈಗ ನಾನು ತಗಡಿನ ಮಾಡಿನ ಕೆಳಗೆ ಒಂದು ಮೂಲೆಯಲ್ಲಿದ್ದೇನೆ. ಮೌಲಾಸಾಬ ನನ್ನ ತಾಮ್ರವನ್ನೆಲ್ಲ ಬಿಚ್ಚಿಕೊಂಡು ಹೋಗಿದ್ದಾನೆ, ಹೊಟ್ಟೆ ಖಾಲಿ. ಆದರೆ ಸುಟ್ಟುಹೋದದ್ದಕ್ಕಿಂತ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಆ ಚಿಂವ್ ಎಂಬ ದನಿ. ಅದೇ ಮನೆಯಲ್ಲಿ ಎಷ್ಟು ಸಲ ಅಂಥ ಮರಿಗಳಿಗಾಗಿ ತಿರುಗಿದ್ದೆ. ನಾನು ತಿರುಗುತ್ತಿದ್ದಷ್ಟು ಹೊತ್ತು ಎಂಜಿನ್ನಿನ ಸದ್ದಿನಲ್ಲಿ ಒಂದು ಮರಿಯ ದನಿಯನ್ನೂ ನಾನು ಕೇಳಿರಲಿಲ್ಲ.