ಚೌಕಿಯ ಕಡೆ ಹೋಗದ ಹೆಂಗಸು

ಒಂದು ಸಿನಿಮಾದ ಕೊನೆಗಾಗಿ ಐವತ್ತೆರಡು ವರ್ಷ ಜಗಳ ಆಡಿದವರು ಇಳಕಲ್ಲಿನಲ್ಲಿದ್ದಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಬಿಡಿ, ನಂಬಬೇಡಿ. ಅಂದಾನಪ್ಪನ ಕಟ್ಟೆಯ ಮೇಲೆ ಕೂತು ಒಂದು ಕಪ್ ಚಹಾ ಕುಡಿಯಿರಿ, ತಾನಾಗಿಯೇ ಗೊತ್ತಾಗುತ್ತದೆ. ಮಗ್ಗ ಬಿಟ್ಟು ಹತ್ತು ವರ್ಷವಾದ ಅಂದಾನಪ್ಪ ಒಂದು ಕಡೆ. ಹಿಂದೆ ಟೆಂಟಿನಲ್ಲಿ ಸಿನಿಮಾ ಓಡಿಸುತ್ತಿದ್ದ ಅವನ ಗೆಳೆಯ ಲಾಡಸಾಬ ಇನ್ನೊಂದು ಕಡೆ. ನಡುವೆ ‘ಹೊಗೆ ಹಿಡಿದ ಕಂದೀಲು’ ಎಂಬ ಕಪ್ಪು-ಬಿಳುಪು ಚಿತ್ರ.

ಪಾಪ, ಅದು ಬಂದಾಗ ಒಂದು ವಾರವೂ ಓಡಲಿಲ್ಲ. ದಿನಾ ಹೊಡೆದು ಬಡಿದು ಜೀವ ಹಿಂಡುತ್ತಿದ್ದ ಹತ್ತಿ ವ್ಯಾಪಾರಿ ಗಂಡನನ್ನು ಹೆಂಡತಿ ಕೊಲ್ಲುತ್ತಾಳೆ. ಹಿಡಿಯಲು ಬಂದ ಫೌಜದಾರ ಅವಳಿಗೇ ಮನಸೋತು, ಬೇಡಿ ಹಾಕದೆ, ನೀನಾಗಿಯೇ ಚೌಕಿಗೆ ಬಾ ಎಂದು ಹೇಳಿ ಹೋಗುತ್ತಾನೆ. ಕೊನೆಯ ದೃಶ್ಯದಲ್ಲಿ ಅವಳ ಬೆನ್ನಷ್ಟೇ ಕಾಣುತ್ತದೆ, ತಲೆ ತುಂಬ ಸೆರಗು. ಬಾದಾಮಿಯ ಒಂದು ಓಣಿ ಒಡೆದು ಎರಡಾಗುತ್ತದೆ. ಬಲಕ್ಕೆ ಪೊಲೀಸ್ ಚೌಕಿ, ಎಡಕ್ಕೆ ಬಸ್ ನಿಲ್ದಾಣ. ಅವಳು ಸರ್ರನೆ ಎಡಕ್ಕೆ ಹೊರಳಿ ಹೋಗಿಯೇಬಿಡುತ್ತಾಳೆ. ಮುಗಿಯಿತು ಸಿನಿಮಾ! ಕೊಲೆಗಾತಿ ಪಾರಾದಳೆಂದು ಜನ ಬಾಯಿಗೆ ಬಂದಂತೆ ಬೈದು ಹೋದರು.

“ಲೇ ಅಂದಾನಿ, ಇಡೀ ಪಿಚ್ಚರ ಚೌಕಿ ಕಡೆ ನಡದಿತ್ತು. ಕೊನಿಗೆ ಎಡಕ ಹೊಳ್ಳಿದ್ರ ಹೆಂಗಲೇ? ಆ ಡೈರೆಕ್ಟರಗ ತಲಿ ಇದ್ದಿದ್ದಿಲ್ಲ!” ಎಂದು ಲಾಡಸಾಬ ಕೂಗುತ್ತಿದ್ದ.

“ನಿನಗ ಬರೇ ರೀಲ್ ತಿರುಗಸೋದು ಗೊತ್ತು. ಆಕಿ ಬೆನ್ನಾಗ ಎಷ್ಟ ಧೈರ್ಯ ಐತಿ, ಅದನ್ನ ನೋಡ!” ಎಂದು ಅಂದಾನಪ್ಪ ತೊಡೆ ತಟ್ಟುತ್ತಿದ್ದ.

ಬಾಗಿಲ ಒಳಗೆ ರಾಟೆಯ ಮುಂದೆ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವನ ಹೆಂಡತಿ ರತ್ನವ್ವ ಇದನ್ನು ಕೇಳಿ ಕೇಳಿ ತುಟಿ ಕಚ್ಚಿಕೊಳ್ಳುತ್ತಿದ್ದಳು. ಏಕೆಂದರೆ ಆ ಬೆನ್ನು ಅವಳದ್ದು.

ಹೌದ್ರೀ, ಅವಳದ್ದೇ! ಆಗ ಅವಳಿಗೆ ಹದಿನೇಳು. ತವರು ಚೊಳಚಗುಡ್ಡದಿಂದ ಬಾದಾಮಿಗೆ, ಸೋದರತ್ತೆಯ ಮನೆಗೆ ಬಂದಿದ್ದಳು. ಅಲ್ಲಿ ಶೂಟಿಂಗ್ ನಡೆದಿತ್ತು, ಸಿನಿಮಾದ ನಾಯಕಿ ಕೊನೆಯ ದೃಶ್ಯ ಬಿಟ್ಟು ಮದ್ರಾಸಿನ ರೈಲು ಹತ್ತಿದ್ದಳು. ನೀರಿಗೆ ಬಂದ ಹುಡುಗಿಯ ಎತ್ತರ ಸರಿಹೊಂದಿತು, ಸೀರೆ ಉಡಿಸಿ ನಡೆಸಿಬಿಟ್ಟರು. ವಿಷಯ ತಿಳಿದ ಅತ್ತೆ ಹೌಹಾರಿ, ಇದು ಹೊರಗೆ ಬಂದರೆ ನಿನ್ನನ್ನು ಯಾರೂ ಮದುವೆಯಾಗುವುದಿಲ್ಲ ಎಂದು ಆಣೆ ಮಾಡಿಸಿಕೊಂಡಳು. ಮದುವೆಯಾದ ಹೊಸದರಲ್ಲಿ ಅಂದಾನಪ್ಪನೂ ಯಾವುದೋ ನಟಿಯ ಮಾತು ಬಂದಾಗ, “ಅಂಥಾಕಿನ್ನ ಮನಿ ತುಂಬಸ್ಕೊಳ್ಳೋರು ಯಾರು?” ಎಂದಿದ್ದ. ಅದೇ ಮನುಷ್ಯ ಅದೇ ಬೆನ್ನನ್ನು ಐವತ್ತೆರಡು ವರ್ಷ ಹೊಗಳಿದ! ನಗಬೇಕೋ ಅಳಬೇಕೋ ತಿಳಿಯದೆ ರತ್ನವ್ವ ನೂಲು ಸುತ್ತಿದಳು.

ಈಗ ಬಾಗಲಕೋಟೆಯ ಕಾಲೇಜಿನಲ್ಲಿ ಪಾಠ ಹೇಳುವ ಮೊಮ್ಮಗಳು ಸುಶ್ಮಿತಾ ಆ ಸಿನಿಮಾವನ್ನು ಎಲ್ಲಿಂದಲೋ ಹುಡುಕಿ ತಂದಿದ್ದಳು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಓಣಿಯ ಸಭಾಭವನದಲ್ಲಿ ಪ್ರದರ್ಶನ, ಆಮೇಲೆ ಚರ್ಚೆ. ರತ್ನವ್ವ ಬೆಳಗಿನಿಂದ ಎರಡು ಸಲ ಹಾಲು ಉಕ್ಕಿಸಿದ್ದಳು. ಇವತ್ತು ಹೇಳಿಬಿಡಬೇಕು. ಇವತ್ತಲ್ಲದಿದ್ದರೆ ಇನ್ನೆಂದಿಗೂ ಇಲ್ಲ. ಆದರೆ ಯಜಮಾನರು ಏನಂದಾರು? ಇಷ್ಟು ವರ್ಷ ಮೋಸ ಮಾಡಿದೆ ಎಂದು ಈ ವಯಸ್ಸಿನಲ್ಲಿ ಮುಖ ತಿರುಗಿಸಿದರೆ?

ಭವನ ಗಿಜಿಗಿಜಿ ತುಂಬಿತ್ತು. ತೆರೆಯ ಮೇಲೆ ಹದಿನೇಳರ ತನ್ನ ಬೆನ್ನು ಓಣಿಯಲ್ಲಿ ನಡೆದು ಎಡಕ್ಕೆ ಹೊರಳಿದ್ದನ್ನು ರತ್ನವ್ವ ಕತ್ತು ಚಾಚಿ ನೋಡಿದಳು. ಎಷ್ಟು ಚೆಂದ ನಡೆದಿದ್ದೆನಲ್ಲ ನಾನು!

ದೀಪ ಹತ್ತಿದ್ದೇ ತಡ, ಜಗಳ ಶುರು. ಕೊನೆ ತಪ್ಪೆಂದು ಅರ್ಧ ಭವನ, ಅದೇ ಸರಿಯೆಂದು ಇನ್ನರ್ಧ. ಈ ಕೊನೆಯ ಬಗ್ಗೆಯೇ ದೊಡ್ಡ ದೊಡ್ಡವರು ಲೇಖನ ಬರೆದಿದ್ದಾರೆ, ಆ ತಿರುವಿನ ಅರ್ಥ ಇನ್ನೂ ಬಗೆಹರಿದಿಲ್ಲ ಎಂದು ಸುಶ್ಮಿತಾ ಹೇಳುತ್ತಿದ್ದಳು.

ರತ್ನವ್ವ ಎದ್ದು ನಿಂತಳು. “ಅರ್ಥ ಏನೂ ಇಲ್ಲ, ನಮ್ಮವ್ವಾ. ಆಕಿ ನಾನ.”

“ಆಯೀ!” ಎಂದಳು ಸುಶ್ಮಿತಾ.

“ನಾಯಕಿ ಹೋಗಿಬಿಟ್ಟಿದ್ಲು, ನನ್ನ ನಡಿಸಿದ್ರು. ಬಲಕ್ಕ ಹೋಗು ಅಂತನ ಹೇಳಿದ್ರು. ಆದ್ರ ಆ ಹಾದಿ ಒಡಿಯೋ ನಡಬರಕ ಹನುಮಪ್ಪನ ಗುಡಿ ಐತಿ. ಬಲಕ್ಕ ಹೋದ್ರ ದೇವರು ಎಡಗೈಗೆ ಬರ್ತಾನ. ಹುಟ್ಟಿದಾಗಿಂದ ದೇವರನ್ನ ಬಲಕ್ಕ ಇಟ್ಕೊಂಡ ನಡದ ಕಾಲು, ತಾನ ಎಡಕ ಹೊಳ್ಳಿಬಿಡ್ತು.”

ಲಾಡಸಾಬ ಕುರ್ಚಿ ಕೆಡವಿ ಎದ್ದ. “ಹೇಳಿದ್ನಿಲ್ಲೇನ್ಲೇ! ಡೈರೆಕ್ಟರ ಚೌಕಿಗೇ ಕಳಸಿದ್ದ! ವೈನೀ, ನಿಮ್ಮ ಬಾಯಾಗ ಸಕ್ಕರಿ ಬೀಳ್ಲಿ!”

ಜನ ಹೋ ಎಂದು ನಕ್ಕರು. ರತ್ನವ್ವ ಗಂಡನ ಕಡೆ ನೋಡಿದಳು. ಅವನ ಮುಖ ಸಪ್ಪಗಾಗಿತ್ತು.

“ಇಷ್ಟ ವರ್ಷ ನನಗ ಹೇಳಲಿಲ್ಲಲ್ಲ ನೀ,” ಎಂದ ಅಂದಾನಪ್ಪ ಮೆಲ್ಲಗೆ. “ಹೋಗ್ಲಿ ಬಿಡು. ನಾ ಧೈರ್ಯ ಧೈರ್ಯ ಅಂತ ಕುಣದೆ. ಬರೇ ಕಾಲಿನ ರೂಢಿ ಅಂತ ಈಗ ಗೊತ್ತಾತು.”

ಸಿಟ್ಟು ಬಂದಿದ್ದರೆ ರತ್ನವ್ವ ತಡೆದುಕೊಳ್ಳುತ್ತಿದ್ದಳು. ಆ ಸಪ್ಪೆ ಮುಖ ಮಾತ್ರ ಅವಳಿಂದ ನೋಡಲಾಗಲಿಲ್ಲ.

“ತಡೀರಿ, ಇನ್ನೂ ಮುಗದಿಲ್ಲ!” ಅವಳ ದನಿ ಭವನದ ತುಂಬ ಕೇಳಿತು. “ಅದು ಮೊದಲನೇ ಸಲದ್ದು. ಡೈರೆಕ್ಟರ ತಲಿ ತಲಿ ಬಡಕೊಂಡ. ಇನ್ನೊಮ್ಮೆ ತಗಿಯೋವಷ್ಟ ಮಾತ್ರ ಫಿಲ್ಮ ಉಳದೈತಿ, ದೇವರಿಗೆ ಕೈ ಮುಗದು ತಪ್ಪಾತು ಅಂತ ಕೇಳಿ ಬಲಕ್ಕ ಹೋಗವಾ ಅಂದ. ಕೈ ಮುಗದೆ. ಸೆರಗ ಸರಿ ಮಾಡೋ ಹೆಣ್ಮಗಳನ್ನ ಕೇಳಿದೆ, ಈಕಿ ಯಾಕ ಚೌಕಿಗೆ ಹೊಂಟಾಳ ಅಂತ. ಆಕಿ ಇಡೀ ಕತಿ ಹೇಳಿದ್ಲು.”

“ಹೂಂ, ಆಮೇಲೆ?” ಎಂದ ಅಂದಾನಪ್ಪ.

“ಆಮೇಲೇನ್ರಿ, ನನ್ನ ಹೊಟ್ಟಿ ಉರೀತು. ಹೊಡದಾಂವ ಸತ್ತ, ಹೊಡಿಸ್ಕೊಂಡಾಕಿ ಯಾಕ ಜೇಲಿಗೆ ಹೋಗಬೇಕು? ನೀವು ಈಗ ನೋಡಿದ್ದು ಎರಡನೇ ಸಲದ್ದು. ಹನುಮಪ್ಪಗ ತಪ್ಪಾತು ಅಂದಿದ್ದೆ, ಬಲಕ್ಕ ಹೋಗಬಹುದಿತ್ತು. ಬೇಕಂತನ ಎಡಕ ಹೊಳ್ಳೀನಿ. ಹಿಂದಿಂದ ಒದರಿದ್ರು, ಕೇಳಿಸ್ತು, ನಿಂದರಲಿಲ್ಲ.”

ಅಂದಾನಪ್ಪ ಕೋಲೂರಿ ಎದ್ದ. ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ. ಗೆಳೆಯನ ಕಡೆ ತಿರುಗಿ ಇಡೀ ಓಣಿಗೆ ಕೇಳುವಂತೆ ಕೂಗಿದ:

“ಕೇಳಿದೇನಲೇ ಲಾಡ್ಯಾ? ನನ್ನ ಹೇಣ್ತಿಲೇ ಆಕಿ!”