ಹರಿಣಿಯ ಬಣ್ಣ

ಆಂಟಾಪ್ ಹಿಲ್‌ನ ಕಾಂತಪ್ಪನವರ ಮನೆಗೆ ಹೋದವರಿಗೆ ಮೊದಲು ಚಹಾ, ಆಮೇಲೆ ಆಲ್ಬಮ್. ಎರಡರಿಂದಲೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಉಡುಪಿ ಕಡೆಯವರು, ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಕೆಲಸ. ಊರೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದರೂ ಇವರದು ಮಾತ್ರ ಹಳೆಯ ಕ್ಯಾಮೆರಾ, ವರ್ಷಕ್ಕೊಂದು ರೀಲು. ಈ ಚೌತಿಗೆ ಹಾಕಿದ ರೀಲು ಮುಂದಿನ ಚೌತಿಗೇ ಮುಗಿಯಬೇಕು. ಹೆಂಡತಿ ವಾರಿಜಾ, ಮಕ್ಕಳು ಹರಿಣಿ ಮತ್ತು ನಮಿತಾ ಹೊಸ ಬಟ್ಟೆ ಹಾಕಿ, ತಲೆಗೆ ಉಡುಪಿ ಮಲ್ಲಿಗೆ ಮುಡಿದು, ಕಬ್ಬಿಣದ ಕಪಾಟಿನ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

ಆ ರೀಲು ತೊಳೆದು, ಸ್ಕ್ಯಾನ್ ಮಾಡಿ, ಪ್ರಿಂಟ್ ಹಾಕಿಕೊಡುತ್ತಿದ್ದವನು ನಾನು. ಹೆಸರು ಚನ್ನಬಸಯ್ಯ, ಧಾರವಾಡ ಕಡೆಯವನು. ಘಾಟ್ಕೋಪರ್ ಸ್ಟೇಶನ್ ಹತ್ತಿರ ಮೂವತ್ತು ವರ್ಷಗಳಿಂದ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಈ ಕಥೆಯಲ್ಲಿ ಅಪರಾಧಿ ಯಾರೆಂದು ನೀವು ಹುಡುಕುವ ತೊಂದರೆ ಬೇಡ. ಒಬ್ಬನ ಹೆಸರು ಈಗಷ್ಟೇ ಹೇಳಿದ್ದೇನೆ.

ನಮ್ಮ ಕಸುಬಿನ ಒಂದು ಮಾತು ಹೇಳಲೇಬೇಕು. ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು. ಕಪ್ಪು ಬೆಳ್ಳಗೆ, ಬಿಳಿ ಕಪ್ಪಗೆ, ಎಲ್ಲದರ ಮೇಲೆ ಕಿತ್ತಳೆ ಬಣ್ಣದ ಒಂದು ಪರದೆ. ಅದನ್ನು ತಿರುಗಿಸಿ ನಿಜವಾದ ಬಣ್ಣ ತರುವುದು ಯಂತ್ರ ಅರ್ಧ, ಕಣ್ಣು ಅರ್ಧ. ಸೀರೆಯ ಹಸಿರು ಸ್ವಲ್ಪ ಆಚೀಚೆಯಾದರೆ ಯಾರೂ ಕೇಳುವುದಿಲ್ಲ. ಮೈಬಣ್ಣ ತಪ್ಪಿದರೆ ಗಿರಾಕಿ ಬಾಗಿಲಲ್ಲೇ ತಿರುಗಿ ಬರುತ್ತಾನೆ. ನನಗೆ ಕೆಲಸ ಕಲಿಸಿದ ಉಸ್ತಾದ್ ಪ್ರಿಂಟ್ ಹಾಕುವ ಯಂತ್ರದ ಪಕ್ಕದಲ್ಲಿ ಒಬ್ಬ ಪರದೇಶದ ಹೆಂಗಸಿನ ಫೋಟೊ ಅಂಟಿಸಿದ್ದ. ಗುಲಾಬಿ ಕೆನ್ನೆ, ಬಿಳಿ ಕುತ್ತಿಗೆ. "ಸಬ್ ಕಾ ಚೆಹರಾ ಇಸ್ ಸೇ ಮಿಲಾನಾ" ಅನ್ನುತ್ತಿದ್ದ, ಎಲ್ಲರ ಮುಖವನ್ನೂ ಇವಳ ಮುಖಕ್ಕೆ ಹೊಂದಿಸಬೇಕು ಎಂದು. ಅವನು ಸತ್ತ ಮೇಲೆ ಆ ಫೋಟೊ ನನ್ನ ಅಂಗಡಿಗೆ ಬಂತು. ವಿಜಯಪುರದವರನ್ನೂ ಮಂಗಳೂರಿನವರನ್ನೂ ನಾನು ಆ ಹೆಂಗಸಿನ ಕಡೆಗೇ ಎಳೆಯುತ್ತಾ ಬಂದೆ.

ಹರಿಣಿ ಎಣ್ಣೆಗಪ್ಪು ಹುಡುಗಿ. ಅವಳಿಗೆ ಐದು ವರ್ಷವಿದ್ದಾಗ ಕಾಂತಪ್ಪನವರು ಮೊದಲ ಸಲ ದನಿ ಇಳಿಸಿ ಹೇಳಿದರು: "ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ ಮಾರಾಯ್ರೆ. ಹೆಣ್ಣು ಹುಡುಗಿ ಅಲ್ವಾ. ನಾಳೆ ನೋಡ್ಲಿಕ್ಕೆ ಬರುವವರು ಆಲ್ಬಮ್ ಕೇಳ್ತಾರೆ."

"ಐದು ವರ್ಷದ ಕೂಸಿಗೆ ಯಾರ್ರೀ ನೋಡಾಕ ಬರೋರು?" ಎಂದು ನಕ್ಕೆ. ನಕ್ಕೆನೇ ಹೊರತು ಮಾಡಿಕೊಟ್ಟೆ.

ಪ್ರಿಂಟ್ ಕೈಗೆ ಬಂದಾಗ ಹುಡುಗಿ ಕೇಳಿದಳು: "ಅಂಕಲ್, ಯೇ ಕೌನ್ ಹೈ?"

"ನೀನ ಅಲ್ಲೇನವಾ!"

ಅವಳು ತನ್ನ ಪುಟ್ಟ ಕೈಯನ್ನು ಫೋಟೊದ ಪಕ್ಕಕ್ಕಿಟ್ಟು ನೋಡಿದಳು. ನಮಿತಾಳೂ ಅಕ್ಕನ ಬಣ್ಣದವಳೇ ಆಗಿ ಹುಟ್ಟಿದಳು, ಅವಳನ್ನೂ ಹಾಗೇ ಮಾಡಿದೆ. ಇಪ್ಪತ್ತು ವರ್ಷದಲ್ಲಿ ಇಪ್ಪತ್ತು ರೀಲು. ಆಲ್ಬಮ್ಮಿನಲ್ಲಿ ಬೆಳೆದ ಹುಡುಗಿಯರೇ ಬೇರೆ, ಮನೆಯಲ್ಲಿ ಬೆಳೆದವರೇ ಬೇರೆ.

ಹರಿಣಿ ವಡಾಳಾದ ಶಾಲೆಯೊಂದರಲ್ಲಿ ಗಣಿತದ ಟೀಚರಾದಳು. ಇಪ್ಪತ್ತೈದು ತುಂಬಿದಾಗ ಬೊರಿವಲಿಯಿಂದ ಒಂದು ಸಂಬಂಧ ಬಂತು. ಆಲ್ಬಮ್ ನೋಡಿ ಒಪ್ಪಿದವರು ಹುಡುಗಿ ನೋಡಲು ಬಂದರು. ಹರಿಣಿ ಚಹಾದ ಟ್ರೇ ಹಿಡಿದು ಬಂದಳು. ಹುಡುಗನ ತಾಯಿ ಚಹಾ ತೆಗೆದುಕೊಂಡು ನಯವಾಗಿಯೇ ಹೇಳಿದರಂತೆ: "ಇನ್ನು ದೊಡ್ಡ ಮಗಳನ್ನು ಕರೆಯಿರಿ ಅಲ್ವಾ, ಫೋಟೊದಲ್ಲಿ ಇರುವವಳನ್ನು."

ಇದನ್ನು ನನಗೆ ಹೇಳಿದವಳು ಹರಿಣಿಯೇ. ಸ್ಟುಡಿಯೊಗೆ ಬಂದು, ನಗುತ್ತಲೇ ಹೇಳಿದಳು. ನನ್ನ ಕಿವಿ ಬಿಸಿಯಾಯಿತು. ಆದರೆ ಬುದ್ಧಿ ಬರಲಿಲ್ಲ.

ಕಾಂತಪ್ಪನವರಿಗಂತೂ ಸುಳ್ಳು ಫೋಟೊ ತಪ್ಪೆಂದು ತೋರಲೇ ಇಲ್ಲ. ಹುಡುಗಿ ಫೋಟೊದ ಹಾಗಿಲ್ಲ ಎಂಬುದೇ ತಪ್ಪೆಂದು ತೋರಿತು. ಬ್ಯೂಟಿ ಪಾರ್ಲರಿನ ಹೆಂಗಸೊಬ್ಬಳಿಂದ ಹೆಸರಿಲ್ಲದ, ವಿಳಾಸವಿಲ್ಲದ ಕ್ರೀಮಿನ ಒಂದು ಬಿಳಿ ಡಬ್ಬ ತಂದರು. ದಿನಕ್ಕೆರಡು ಸಲ ಮುಖಕ್ಕೆ, ಕುತ್ತಿಗೆಗೆ. ಎರಡೇ ತಿಂಗಳಲ್ಲಿ ಹರಿಣಿ ಬೆಳ್ಳಗಾದಳು. ಮುಂದಿನ ರೀಲು ತಂದಾಗ ಅವರ ಸಂಭ್ರಮ ನೋಡಬೇಕಿತ್ತು.

"ಈ ಸರ್ತಿ ನಿಮಗೆ ಕೆಲಸವೇ ಇಲ್ಲ ಮಾರಾಯ್ರೆ!"

ಕೆಲಸವಿತ್ತು. ಸ್ಕ್ಯಾನ್ ಮಾಡಿದಾಗ ಹರಿಣಿಯ ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಕಣ್ಣಿನ ಕೆಳಗೆ ಊದಿದ ಹಾಗಿತ್ತು. ಪಕ್ಕದಲ್ಲೇ ನಿಂತ ನಮಿತಾಳ ಮುಖ ಸರಿಯಾಗಿತ್ತು. ಒಂದೇ ಚಿತ್ರ, ಒಂದೇ ಬೆಳಕು. ಅಲ್ಲಿಯಾದರೂ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ರೀಲಿನ ದೋಷ ಎಂದುಕೊಂಡೆ. ಕೆನ್ನೆಗೆ ಕೆಂಪು ಏರಿಸಿದೆ, ಊತದ ನೆರಳು ತೆಗೆದೆ, ಪರದೇಶದ ಹೆಂಗಸಿನ ಜೊತೆ ಹೋಲಿಸಿ ನೋಡಿ ಸಮಾಧಾನಪಟ್ಟೆ. ಒಂದು ರೋಗ ನನ್ನ ಕಣ್ಣೆದುರಿಗೆ ಬಂದು ನಿಂತಿತ್ತು, ನಾನು ಅದನ್ನು ಅಳಿಸಿ ಹೊಳಪಿನ ಕಾಗದದ ಮೇಲೆ ಪ್ರಿಂಟ್ ಹಾಕಿಕೊಟ್ಟೆ.

ವಾರ ಕಳೆದು ಹರಿಣಿ ಒಬ್ಬಳೇ ಬಂದಳು. ಚಪ್ಪಲಿಯ ಪಟ್ಟಿ ಪಾದದಲ್ಲಿ ಹೂತಿತ್ತು.

"ಅಂಕಲ್, ಒರಿಜಿನಲ್‌ನಲ್ಲಿ ನನ್ನ ಮುಖ... ಸೂಜಾ ಹುವಾ ಥಾ ಕ್ಯಾ? ಊದಿತ್ತಾ?"

"ಬೆಳಕಿನ ಕಾಟ ಅದು ತಂಗಿ. ಏನೂ ಆಗಿಲ್ಲ ನಿನಗ."

"ಕ್ರೀಮ್ ಹಚ್ಚಿದ ಮೇಲೆ ಹೀಗೆ. ಬಿಡ್ತೇನೆ ಅಂದ್ರೆ ಪಪ್ಪ ಒಪ್ಪುದಿಲ್ಲ. ಇನ್ನೊಂದು ಕಡೆಯವರು ಬರ್ಲಿಕ್ಕುಂಟಂತೆ."

ಆಗ ಫೋನ್ ಮಾಡಿದೆ, ಮಾಡಲಿಲ್ಲ ಎನ್ನಲಾರೆ. "ಕಾಂತಪ್ಪನವರ, ಆ ಡಬ್ಬಿ ಒಗೀರಿ. ಅದರಾಗ ಏನೈತೋ ಯಾರಿಗ್ಗೊತ್ತು? ಬೆಳ್ಳಗಿರೋದೆಲ್ಲಾ ಹಾಲಲ್ರೀ."

"ನಿಮಗೆ ಹೆಣ್ಣು ಮಕ್ಕಳಿಲ್ಲ, ಚನ್ನಬಸಯ್ಯನವರೇ. ನಮ್ಮ ಕಷ್ಟ ನಿಮಗೆ ಗೊತ್ತಾಗುದಿಲ್ಲ. ಇಪ್ಪತ್ತು ವರ್ಷ ನೀವೇ ಬೆಳ್ಳಗೆ ಮಾಡಿ ಕೊಟ್ರಿ. ಆವಾಗ ಎಂತ ಹೇಳ್ಲಿಲ್ಲ, ಈಗ ಎಂತ?"

ಫೋನ್ ಇಟ್ಟೆ. ಮುಂದಿನದನ್ನು ವಾರಿಜಾ ಅವರ ಬಾಯಿಂದ ಕೇಳಿದೆ. ಕಾಲೂ ಮುಖವೂ ಪೂರ್ತಿ ಊದಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ. ಕಿಡ್ನಿ ಕೆಟ್ಟಿದೆ ಎಂದ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಬೆಳ್ಳಗಾಗಲಿಕ್ಕೆ ಏನಾದರೂ ಹಚ್ಚುತ್ತಿದ್ದಳಾ?" ಎಂದು. ಅಂಥ ಕ್ರೀಮಿನಲ್ಲಿ ಪಾದರಸ ಇರುತ್ತದೆ, ಈಗಲಾದರೂ ನಿಲ್ಲಿಸಿದರೆ ಹುಡುಗಿ ಉಳಿಯಬಹುದು ಎಂದೂ ಹೇಳಿದರು. ಹರಿಣಿ ಅಪ್ಪನ ಮುಖ ನೋಡಿದಳು. ಹುಡುಗಿ ಹಚ್ಚಿಕೊಂಡು ಬೆಳ್ಳಗಾದವಳು ಎಂದು ನಮ್ಮವರ ನಡುವೆ ಸುದ್ದಿಯಾದರೆ ಇಬ್ಬರು ಮಕ್ಕಳ ಮದುವೆಯೂ ಮುಗಿದ ಹಾಗೆ, ಅದು ಕಾಂತಪ್ಪನವರ ಲೆಕ್ಕಾಚಾರ.

"ಎಂತದೂ ಹಚ್ಚಿಲ್ಲ ಡಾಕ್ಟ್ರೇ. ಇವಳು ಹುಟ್ಟಿದ್ದೇ ಹೀಗೆ," ಎಂದು ಮೊಬೈಲಿನಲ್ಲಿ ಇಳಿಸಿಟ್ಟುಕೊಂಡಿದ್ದ ಆಲ್ಬಮ್ಮಿನ ಫೋಟೊಗಳನ್ನು ತೆಗೆದರು. ಐದನೆಯ ವರ್ಷದ್ದು, ಹತ್ತನೆಯದ್ದು, ಶಾಲೆಯ ಯೂನಿಫಾರ್ಮಿನದ್ದು. ಎಲ್ಲದರಲ್ಲೂ ಬೆಳ್ಳನೆಯ ಹುಡುಗಿ. ನಾನು ಮಾಡಿಕೊಟ್ಟವೇ ಎಲ್ಲ. ಡಾಕ್ಟರು ನೋಡಿದರು, ತಲೆಯಾಡಿಸಿದರು, ಬೇರೆ ಕಾರಣ ಹುಡುಕತೊಡಗಿದರು. ಗುಳಿಗೆ ಕೊಟ್ಟು ಮನೆಗೆ ಕಳಿಸಿದರು. ಮನೆಯಲ್ಲಿ ಡಬ್ಬ ಕಾಯುತ್ತಿತ್ತು. ಹದಿನೆಂಟನೆಯ ದಿನ ಬೆಳಿಗ್ಗೆ, ಶಾಲೆಗೆ ಹೋಗಲು ಜಡೆ ಹಾಕಿಕೊಳ್ಳುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಳು. ಕಿಡ್ನಿಯ ರೋಗದಿಂದ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಸಿಕ್ಕಿ ಜೀವ ಹೋಗಿದೆ ಎಂದರಂತೆ.

ಗೋಡೆಗೆ ಹಾಕಲು ಫೋಟೊ ಬೇಕೆಂದು ಕಾಂತಪ್ಪನವರು ಹೇಳಿಕಳಿಸಿದರು. ನಾನು ಐದು ವರ್ಷ ಹಿಂದಿನ ನೆಗೆಟಿವ್ ತೆಗೆದು ಕೂತೆ. ಅವಳು ಹೇಗಿದ್ದಳೋ ಹಾಗೇ ತರಬೇಕೆಂದು ಹಟ. ಎಷ್ಟು ಮಾಡಿದರೂ ಬಣ್ಣ ಸರಿಬರಲಿಲ್ಲ, ಒಮ್ಮೆ ಕೆಂಪು, ಒಮ್ಮೆ ಹಸಿರು. ಬುತ್ತಿ ತಂದ ನನ್ನ ಹೆಂಡತಿ ರಾಚವ್ವ ಹಿಂದೆ ನಿಂತು ಹಳೆಯ ಪ್ರಿಂಟನ್ನು ನೋಡಿ ಕೇಳಿದಳು: "ಇದೇನ್ರೀ, ಹೂವಿನ ಎಸಳ ಕಾಣವಲ್ಲವು? ಬರೀ ಸುಣ್ಣ ಬಳದಂಗ ಅದಾವು."

ಹೌದು. ಮುಖ ಬೆಳ್ಳಗೆ ಮಾಡುವ ಗಡಿಬಿಡಿಯಲ್ಲಿ ಇಪ್ಪತ್ತು ವರ್ಷ ಮಲ್ಲಿಗೆಯನ್ನು ಅತಿಯಾಗಿ ಬಿಳಿ ಮಾಡಿ ಸುಟ್ಟಿದ್ದೆ. "ಮೊದಲ ಹೂ ಸರಿ ಮಾಡ್ರಿ," ಎಂದಳು ರಾಚವ್ವ. ಮಲ್ಲಿಗೆಯ ಬಿಳಿಯನ್ನು ಮಲ್ಲಿಗೆಗೇ ಕೊಟ್ಟೆ, ಕೂದಲಿನ ಕಪ್ಪನ್ನು ಕೂದಲಿಗೆ ಕೊಟ್ಟೆ. ಮುಖವನ್ನು ಮುಟ್ಟಲೇ ಇಲ್ಲ. ಎಸಳು ಎಸಳಾಗಿ ಹೂ ಕಂಡಿತು, ಅದರ ಕೆಳಗೆ ಹರಿಣಿ ತಾನಾಗಿಯೇ ಬಂದಳು. ಕಪ್ಪು, ಬೆಚ್ಚಗಿನ, ಹಣೆಯ ಮೇಲೆ ಎಣ್ಣೆಯ ಮಿಂಚಿದ್ದ ಹುಡುಗಿ. ಎಷ್ಟು ಚೆಂದವಿದ್ದಳು! ಕೆಟ್ಟ ಮೇಲೆ ಬುದ್ಧಿ, ಅಟ್ಟ ಮೇಲೆ ಒಲೆ. ಉಸ್ತಾದ್ ಬಿಟ್ಟುಹೋದ ಆ ಪರದೇಶದ ಹೆಂಗಸಿನ ಫೋಟೊವನ್ನು ಗೋಡೆಯಿಂದ ಕಿತ್ತು ಹರಿದೆ, ಅಳು ತಡೆಯಲಾಗಲಿಲ್ಲ.

ಉತ್ತರಕ್ರಿಯೆಯ ದಿನ ಆ ಪ್ರಿಂಟ್ ಹಿಡಿದು ಹೋದೆ. ಕಾಂತಪ್ಪನವರು ಅದನ್ನು ನೋಡಿ ಕೂಡಲೇ ಬೋರಲು ಹಾಕಿದರು.

"ಇದು ಆಗುದಿಲ್ಲ."

"ಇದು ನಿಮ್ಮ ಮಗಳ್ರೀ. ಸತ್ತ ಮ್ಯಾಲರ ಆಕಿನ್ನ ಆಕಿ ಬಣ್ಣದಾಗ ಇರಾಕ ಬಿಡ್ರಿ."

"ಸತ್ತವಳು ಸತ್ತಳು. ಇರುವವಳ ಗತಿ ಎಂತ?" ಅವರ ಕಣ್ಣಲ್ಲಿ ನೀರಿತ್ತು, ಮಾತು ಮಾತ್ರ ಕಲ್ಲು. "ನಾಳೆ ನಮಿತಾಳನ್ನು ನೋಡ್ಲಿಕ್ಕೆ ಬಂದವರು ಗೋಡೆ ನೋಡುದಿಲ್ವಾ? ಅಕ್ಕನ ಬಣ್ಣವನ್ನೂ ನೋಡ್ತಾರೆ."

ಅವರು ಬೇರೆ ಅಂಗಡಿಯಲ್ಲಿ ಮಾಡಿಸಿಟ್ಟ ಫೋಟೊ ಆಗಲೇ ಗೋಡೆಯ ಮೇಲಿತ್ತು. ಮಲ್ಲಿಗೆಯ ಹಾರಕ್ಕೂ ಮುಖಕ್ಕೂ ವ್ಯತ್ಯಾಸವೇ ಇರಲಿಲ್ಲ. ಬಂದ ಹೆಂಗಸರು ಕೈಮುಗಿದು "ಎಷ್ಟು ಬೆಳ್ಳಗಿದ್ದಳು ಪಾಪ" ಎನ್ನುತ್ತಿದ್ದರು. ವಾರಿಜಾ ಮೂಲೆಯಲ್ಲಿ ಕೂತು ಅದಕ್ಕೂ ತಲೆಯಾಡಿಸುತ್ತಿದ್ದರು.

ನಮಿತಾ ಪಾಯಸದ ಲೋಟ ತಂದುಕೊಟ್ಟಳು. ಅವಳ ಮುಖ ನೋಡಿದೆ. ಬೂದಿಬಣ್ಣ. ಕಣ್ಣಿನ ಕೆಳಗೆ ಊತ. ಈ ಸಲ ನಾನು ಅದನ್ನು ಬೆಳಕಿನ ಕಾಟ ಎನ್ನಲಿಲ್ಲ.

"ಕಾಂತಪ್ಪನವರ, ಈ ಹುಡುಗಿ ಮುಖ ನೋಡ್ರಿ!" ಎಂದು ಎಲ್ಲರೆದುರಿಗೇ ಕೂಗಿದೆ.

"ಅತ್ತದ್ದು, ಮತ್ತೆಂತದೂ ಇಲ್ಲ," ಎಂದು ಅವರು ಪಂಕ್ತಿಯ ಕಡೆ ಹೋದರು.

ಮೆಟ್ಟಿಲ ಬಳಿ ನಮಿತಾ ಹಿಂದೆಯೇ ಬಂದಳು. ನೀನೂ ಏನಾದರೂ ಹಚ್ಚುತ್ತೀಯಾ ಎಂದು ಕೇಳಿದೆ. ತಲೆ ತಗ್ಗಿಸಿ ಹೇಳಿದಳು: "ಅಕ್ಕ ಇರುವಾಗ್ಲೇ ಪಪ್ಪ ನನಗೂ ಹಚ್ಚಿಸಿದ್ರು. ಅಕ್ಕನದ್ದೇ ಡಬ್ಬ, ಅಂಕಲ್. ಅರ್ಧ ಉಳಿದಿತ್ತು."

"ನಾಳೆ ಒಂಬತ್ತಕ್ಕ ಸಾಯನ್ ಸ್ಟೇಶನ್ನಿಗೆ ಬಾ ತಂಗಿ. ಡಾಕ್ಟರ ಹತ್ರ ಹೋಗೂಣು. ಡಬ್ಬಿನೂ ತಗೊಂಡ ಬಾ." ಹರಿಣಿಯ ಪ್ರಿಂಟನ್ನು ಅವಳ ಕೈಗಿಟ್ಟೆ. "ಡಾಕ್ಟರು ಕೇಳಿದ್ರ ಇದನ್ನ ತೋರಸು. ನಾವಿಬ್ಬರೂ ಹುಟ್ಟಿದ ಬಣ್ಣ ಇದು ಅಂತ ಹೇಳು."

ಅವಳು ಬಹಳ ಹೊತ್ತು ನೋಡಿದಳು. "ಅಕ್ಕ," ಎಂದಳು. ದುಪಟ್ಟಾದೊಳಗೆ ಸೇರಿಸಿಕೊಂಡು ಮೇಲೆ ಹೋದಳು.

ಮರುದಿನ ಒಂಬತ್ತರಿಂದ ಹನ್ನೆರಡರವರೆಗೆ ಸಾಯನ್ ಸ್ಟೇಶನ್ನಿನಲ್ಲಿ ನಿಂತೆ. ಬರಲಿಲ್ಲ. ಸಂಜೆ ಫೋನ್ ಬಂತು, ಪಿಸುದನಿ.

"ಪಪ್ಪನಿಗೆ ಸಿಕ್ಕಿತು ಅಂಕಲ್. ಫಾಡ್ ದಿಯಾ, ಹರಿದೇ ಹಾಕಿದ್ರು. ನೆಗೆಟಿವ್ ಉಂಟಲ್ಲಾ ನಿಮ್ಮ ಹತ್ರ?"

"ಐತಿ ತಂಗಿ."

"ಇನ್ನೊಂದು ತೆಗೆದಿಡಿ. ನಾನು ಬರ್ತೇನೆ." ಯಾವಾಗ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಳು.

ಹೆಣ್ಣು ಹೆತ್ತವರೇ, ಹೆಣ್ಣು ನೋಡಲು ಹೋಗುವವರೇ, ನನ್ನಂಥ ಸ್ಟುಡಿಯೊದವರೇ, ಸ್ವಲ್ಪ ಬೆಳ್ಳಗೆ ಎಂಬ ಮಾತು ನಿಮ್ಮ ಬಾಯಿಗೆ ಬಂದಾಗ ಈ ಮನೆಯನ್ನು ನೆನೆಯಿರಿ. ಇಂದಿಗೆ ಐದು ವಾರವಾಯಿತು. ಎರಡು ಸಲ ಆ ಮನೆಗೆ ಹೋದೆ, ಕಾಂತಪ್ಪನವರು ಬಾಗಿಲು ತೆರೆಯಲಿಲ್ಲ. ಪ್ರಿಂಟ್ ಲಕೋಟೆಯಲ್ಲಿದೆ, ಮೇಲೆ ನಮಿತಾ ಎಂದು ಬರೆದು ಮೇಜಿನ ಮೇಲೇ ಇಟ್ಟಿದ್ದೇನೆ. ಆ ಡಬ್ಬದಲ್ಲಿ ಈಗ ಎಷ್ಟು ಉಳಿದಿದೆಯೋ ನನಗೆ ಗೊತ್ತಿಲ್ಲ.